ಪೀಪಿ ಮೇಡಂ ಬಿಟ್ಟುಕೊಡದ ಪೀರಿಯಡ್

ಅವರ ಅಸಲು ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಶಾಲೆಗೆಲ್ಲ ಅವರು ಪೀಪಿ ಮೇಡಂ. ಕೊರಳಿನ ದಾರದಲ್ಲಿ ಒಂದು ಪುಟ್ಟ ಪೀಪಿ. ಅದನ್ನು ಒಮ್ಮೆ ಊದಿದರೆ ಇಪ್ಪತ್ತಾರು ಮಕ್ಕಳು ಒಂದೇ ಸ್ವರ ಹಿಡಿಯಬೇಕು. ಬೆಳಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ, ಮಧ್ಯಾಹ್ನ ಶಾಲೆಯ ಗಾಯನ ತಂಡ. ಹದಿನೇಳು ವರ್ಷ ಹೀಗೇ ನಡೆದಿತ್ತು. ಗಂಡ ತೀರಿಕೊಂಡ ಮೇಲೂ ಅತ್ತೆ ಜೊತೆಗೇ ಇದ್ದರು. ಅತ್ತೆಯ ಕಿವಿ ಮಂದ, ನಾಲಿಗೆ ಮಾತ್ರ ಚುರುಕು.

ಸೋಂಕಿನ ಭಯಕ್ಕೆ ಶಾಲೆಗಳಿಗೆ ಬೀಗ ಬಿದ್ದ ವರ್ಷ ಪಾಠಗಳೆಲ್ಲ ಫೋನಿಗೆ ಬಂದವು. ಎರಡನೇ ವಾರ ಹೆಡ್‌ಮಾಸ್ಟರು ಕರೆ ಮಾಡಿದರು.

"ಮೇಡಂ, ಆನ್‌ಲೈನ್ ಟೈಮ್‌ಟೇಬಲ್‌ನಲ್ಲಿ ಸಂಗೀತಕ್ಕೆ ಜಾಗ ಇಲ್ಲ. ಗಣಿತಕ್ಕೇ ನೆಟ್ ಸಾಲ್ತಿಲ್ಲ. ಹಾಡೇನು ಹೊಟ್ಟೆ ತುಂಬಿಸುತ್ತಾ?"

"ತ್ರಿಕೋನಮಿತಿ ತುಂಬಿಸುತ್ತಾ ಸರ್?"

ಆ ಕಡೆಯಿಂದ ಬರೀ ಕೆಮ್ಮು. ಆಮೇಲೆ, "ಶಾಲೆ ಹೊತ್ತಲ್ಲಿ ಬೇಡ. ನಿಮ್ಮ ಸ್ವಂತ ಸಮಯದಲ್ಲಿ ಏನಾದ್ರೂ ಮಾಡ್ಕೊಳ್ಳಿ" ಎಂದರು.

ಮೇಡಂ ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂದೇ ಮಕ್ಕಳಿಗೆಲ್ಲ ಸಂದೇಶ ಹೋಯಿತು: ದಿನಾ ಸಂಜೆ ಆರಕ್ಕೆ ಅಭ್ಯಾಸ, ನೆಪ ನಡೆಯುವುದಿಲ್ಲ.

ಮೊದಲ ಸಂಜೆ ಎಲ್ಲರೂ ಒಟ್ಟಿಗೆ ಹಾಡಹೊರಟರು. ಒಬ್ಬನ ದನಿ ಮುಂದೆ ಓಡಿತು, ಇನ್ನೊಬ್ಬಳದು ತಡವಾಗಿ ಬಂತು, ಮತ್ತೊಬ್ಬ ಬಾಯಿ ತೆರೆದವನು ಹಾಗೇ ಚಿತ್ರವಾಗಿ ನಿಂತುಬಿಟ್ಟ. ಒಳಕೋಣೆಯಿಂದ ಅತ್ತೆ ಕೂಗಿದರು, "ಯಾರದೇ ಅದು ಜಗಳ?"

ತಂಡದ ನಾಯಕಿ ಮುಖ ಸಣ್ಣದು ಮಾಡಿಕೊಂಡಳು. "ಒಟ್ಟಿಗೆ ಹಾಡಕ್ಕೇ ಆಗಲ್ಲ ಅಂದ್ಮೇಲೆ ನಾವೆಂಥ ತಂಡ ಮೇಡಂ?"

ಮರುದಿನ ಬೆಳಗ್ಗೆಯೆಲ್ಲ ಮೇಡಂ ದಿಂಬಿನ ಚೀಲ ಹೊಲಿಯುತ್ತ ಅದನ್ನೇ ಯೋಚಿಸಿದರು. ಸಂಜೆ ಹೊಸ ನಿಯಮ ಹೊರಟಿತು.

"ಒಟ್ಟಿಗೆ ಹಾಡಕ್ಕಾಗಲ್ಲ ತಾನೆ? ಒಟ್ಟಿಗೆ ಕೇಳೋಣ. ದಿನಕ್ಕೊಬ್ಬರು ಹಾಡಿ. ಮಿಕ್ಕವರು ಮೈಕ್ ಮುಚ್ಚಿ ದನಿಗೂಡಿಸಿ. ಆಮೇಲೆ ಆ ದನಿಯಲ್ಲಿ ನಿಮಗೇನು ಕೇಳಿಸ್ತು ಅಂತ ಪ್ರತಿಯೊಬ್ಬರೂ ಹೇಳ್ಬೇಕು. ಬರೀ 'ಚೆನ್ನಾಗಿತ್ತು' ಅಂದ್ರೆ ನಾನು ಒಪ್ಪಲ್ಲ."

ಹದಿನೇಳು ವರ್ಷದಲ್ಲಿ ಆಗದ್ದು ಆಗ ಆಯಿತು. ಪಕ್ಕದಲ್ಲೇ ನಿಂತು ಹಾಡಿದವರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡರು. ದನಿ ಒಡೆಯುತ್ತಿದ್ದ ಹುಡುಗನಿಗೆ ಗೆಳೆಯನೊಬ್ಬ, "ಮೆಟ್ಟಿಲಲ್ಲಿ ಎಡವಿದ್ಯೋ, ಆದ್ರೂ ಬೀಳಲಿಲ್ಲ ಕಣೋ" ಎಂದ. ನೆಟ್ ಇಲ್ಲದ ನಾಲ್ವರಿಗೆ ಮೇಡಂ ಮಾಮೂಲಿ ಕರೆ ಮಾಡಿ, ಒಂದು ಫೋನನ್ನು ಇನ್ನೊಂದರ ಬಾಯಿಗೆ ಹಿಡಿಯುತ್ತಿದ್ದರು.

ಇಸ್ತ್ರಿ ಅಂಗಡಿಯವನ ಮಗಳು ಮಾತ್ರ ಮೂರು ಸಲ ಸರದಿ ತಪ್ಪಿಸಿಕೊಂಡಳು. ಕೊನೆಗೆ ಮೇಡಂ ಅವಳೊಬ್ಬಳಿಗೇ ಕರೆ ಮಾಡಿದರು.

"ನಂದು ಗಂಡಸಿನ ದನಿ ಅಂತ ಚಿಕ್ಕಪ್ಪ ನಗ್ತಾರೆ ಮೇಡಂ. ಯಾರಿಗೂ ಕೇಳ್ಬಾರದು ಅಂತಲೇ ನಾನು ಹಿಂದಿನ ಸಾಲಲ್ಲಿ ನಿಲ್ಲೋದು."

"ಮನೆಗೆ ಪಾಯ ಎಲ್ಲಿರುತ್ತೆ, ಮೇಲಾ ಕೆಳಗಾ? ನಾಳೆ ನೀನೇ ಹಾಡೋದು. ಚಿಕ್ಕಪ್ಪ ನಕ್ಕರೆ ನನ್ನ ಹತ್ರ ಕಳಿಸು."

ಮರುದಿನ ಅವಳು ಕ್ಯಾಮೆರಾ ಮುಚ್ಚಿಕೊಂಡು ಹಾಡಿದಳು. ಮುಗಿದ ಕೂಡಲೇ ನಾಯಕಿ ಮೈಕ್ ತೆರೆದಳು. "ನನ್ನ ಬೆನ್ನ ಹಿಂದಿಂದ ಬರ್ತಿದ್ದ ಸ್ವರ ನಿಂದೇನಾ? ಇಷ್ಟು ವರ್ಷ ನಾನು ಅದನ್ನೇ ಹಿಡ್ಕೊಂಡು ಹಾಡ್ತಿದ್ದೆ ಕಣೆ." ಆಗ ಹಾಡಿದವಳ ಕ್ಯಾಮೆರಾ ತೆರೆಯಿತು. ಕಣ್ಣು ಕೆಂಪಗಿತ್ತು.

ವರ್ಷದ ಕೊನೆಗೆ ಶಾಲೆ ಮುಗಿಸುವ ಎಂಟು ಜನರನ್ನು ವೇದಿಕೆಯ ಮುಂದೆ ನಿಲ್ಲಿಸಿ ಅವರಿಗಾಗಿ ಹಾಡುವುದು ತಂಡದ ರೂಢಿ. "ಪ್ರಮಾಣಪತ್ರ ಮೊಬೈಲ್‌ಗೆ ಕಳಿಸಿದ್ರಾಯ್ತು" ಎಂದರು ಹೆಡ್‌ಮಾಸ್ಟರು.

"ಕರೆಂಟ್ ಬಿಲ್ ಕಳಿಸಿದ ಹಾಗಾ ಸರ್? ನನ್ನ ಕೈಲಾಗಲ್ಲ."

ಅಷ್ಟರಲ್ಲಿ ಗುಂಪು ಸೇರದೆ ಓಡಾಡಲು ಅನುಮತಿ ಸಿಕ್ಕಿತ್ತು. ಮೇಡಂ ಹೆಗಲಿಗೆ ಹಾಕಿಕೊಳ್ಳುವ ಎಂಟು ನೀಲಿ ಪಟ್ಟಿ ಹೊಲಿದರು. ಒಬ್ಬೊಬ್ಬರ ದನಿಯ ಬಗ್ಗೆ ಗೆಳೆಯರು ಆಡಿದ ಒಂದೊಂದು ಮಾತನ್ನು ಅದರ ಮೇಲೆ ದಾರದಲ್ಲಿ ಬರೆದರು. ಸ್ಕೂಟರ್ ಹತ್ತಿ, ಎಂಟೂ ಮನೆಗಳಿಗೆ ಹೊರಟರು.

ಇಸ್ತ್ರಿ ಅಂಗಡಿ ಐದನೆಯದು. ಪಟ್ಟಿಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಮೇಡಂ ದೂರ ಸರಿದು ನಿಂತರು. ಸ್ಕೂಟರಿನ ಸೀಟಿನ ಮೇಲೆ ಫೋನು. ಅದರೊಳಗೆ ಇಡೀ ತಂಡ. ಹುಡುಗಿ ಪಟ್ಟಿ ಹಾಕಿಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ಮೇಲಿನ ಮಹಡಿಯ ನೆರೆಯವರ ಕಿಟಕಿ ತೆರೆಯಿತು.

"ಜನ ಸಾಯ್ತಿರೋ ಹೊತ್ತಲ್ಲಿ ಇದೆಲ್ಲ ಬೇಕಿತ್ತೇನ್ರೀ?"

ಮೇಡಂ ಬಾಯಿ ತೆರೆಯುವ ಮೊದಲೇ ಹುಡುಗಿ ತಲೆಯೆತ್ತಿದಳು. "ಹೋದ ತಿಂಗಳು ನಮ್ಮಜ್ಜಿನೂ ಹೋದ್ರು ಅಂಕಲ್. ಅಳೋದಕ್ಕೂ ನಮ್ಮನೆಗೆ ಯಾರೂ ಬರಲಿಲ್ಲ. ಇವತ್ತು ಹಾಡೋದಕ್ಕೆ ಇಷ್ಟು ಜನ ಬಂದಿದಾರೆ. ನಾನು ಹಾಡ್ತೀನಿ."

ಹಾಡಿದಳು. ಆ ತಗ್ಗಿನ ದನಿ ಬೀದಿಯ ಎರಡೂ ಬದಿಯ ಗೋಡೆಗಳನ್ನು ಸವರಿಕೊಂಡು ಹೋಯಿತು. ಅಂಗಡಿಯೊಳಗೆ ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತುವುದನ್ನೇ ಮರೆತ. ಯಾರದೋ ಬಿಳಿ ಅಂಗಿ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬಂದಾಗಲೇ ಎಚ್ಚರ. "ಸುಡಲಿ ಬಿಡಿ" ಎಂದು ಅವನು ಯಾರಿಗೋ ಹೇಳಿದ. ಮೇಲಿನ ಕಿಟಕಿ ಮುಚ್ಚಲಿಲ್ಲ.

ಶಾಲೆ ತೆರೆದಾಗ ಉಳಿದ ಹದಿನೆಂಟರಲ್ಲಿ ಒಬ್ಬರೂ ತಂಡ ಬಿಟ್ಟಿರಲಿಲ್ಲ. ಮುಗಿಸಿ ಹೋದ ಎಂಟು ಜನರೂ ಮೊದಲ ದಿನ ಗೇಟಿನ ಹೊರಗೆ ಬಂದು ನಿಂತಿದ್ದರು. ಹೆಡ್‌ಮಾಸ್ಟರು ಮೇಡಂ ಅವರನ್ನು ಕರೆದು, ಶನಿವಾರದ ಕೊನೆಯ ಪೀರಿಯಡ್ ತೋರಿಸಿ, "ಸಂಗೀತ ಮತ್ತೆ ಶುರು ಮಾಡೋಣ ಅಂತಿದೀನಿ" ಎಂದರು.

"ನಿಂತೇ ಇರಲಿಲ್ಲವಲ್ಲ ಸರ್," ಎಂದರು ಮೇಡಂ. "ಶನಿವಾರ ಒಂದು ಸಾಲದು. ಬುಧವಾರನೂ ಬರ್ಕೊಳ್ಳಿ."

ಹೆಡ್‌ಮಾಸ್ಟರು ಬರೆದುಕೊಂಡರು.