ತಿರುಗಿಸಲು ಏನೂ ಇಲ್ಲದ ಒಲೆ

ನಮ್ಮ ಮ್ಯೂನಿಕ್ ಮನೆಯ ಗ್ಯಾಸ್ ಒಲೆಯನ್ನು ಕಿತ್ತುಕೊಂಡು ಹೋದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರಿಗಿಂತ ಹೆಚ್ಚಿನ ಸಿಟ್ಟು ನನ್ನ ಗಂಡನ ಮೇಲೆ.

ನಮ್ಮಲ್ಲಿ ಅಡುಗೆ ಅವರದು. ನಿವೃತ್ತರಾದ ಮೇಲೆ ಅಡುಗೆಮನೆಯನ್ನು ಪೂರ್ತಿ ವಶಪಡಿಸಿಕೊಂಡಿದ್ದರು. ನಾನು ಇನ್ನೂ ಲ್ಯಾಬಿಗೆ ಹೋಗಿ ಬರುವವಳು. ಸಂಜೆ ಬಾಗಿಲು ತೆರೆದರೆ ಸಾರಿನ ಪರಿಮಳ. ಗ್ಲಾಕೋಮಾದಿಂದ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಪೇಪರ್ ಓದುವುದು ನಿಂತಿತು, ಸೈಕಲ್ ನೆಲಮಾಳಿಗೆ ಸೇರಿತು. ಅಡುಗೆ ಮಾತ್ರ ನಿಲ್ಲಲಿಲ್ಲ. ನಾಬ್ ಎಷ್ಟು ತಿರುಗಿತೆಂದು ಬೆರಳಿಗೆ ಗೊತ್ತಿತ್ತು, ಉರಿ ಎಷ್ಟಿದೆಯೆಂದು ಕಿವಿಗೆ. ಕಬ್ಬಿಣದ ಒಗ್ಗರಣೆ ಸೌಟನ್ನು ಉರಿಯ ಮೇಲೆ ಹಿಡಿದು, ಸಾಸಿವೆ ಸಿಡಿಯುವುದನ್ನು ಕೇಳಿಸಿಕೊಂಡು, ಸದ್ದು ಇಳಿಯುತ್ತಿದ್ದಂತೆ ಕರಿಬೇವು ಹಾಕುತ್ತಿದ್ದರು. ಯಾರ ಸಹಾಯವೂ ಇಲ್ಲದೆ ಅವರು ನಿಲ್ಲಬಹುದಾಗಿದ್ದ ಜಾಗ ಅದೊಂದೇ.

ಕಟ್ಟಡ ನೋಡಿಕೊಳ್ಳುವ ಹೌಸ್‌ಫೆರ್ವಾಲ್ಟುಂಗ್‌ನವರು ಗ್ಯಾಸ್ ಪೈಪು ಮುಚ್ಚಿಸಿ ಎಲ್ಲ ಮನೆಗಳಿಗೂ ಇಂಡಕ್ಷನ್ ಒಲೆ ಹಾಕಿಸಿದರು. ನುಣ್ಣನೆಯ ಕಪ್ಪು ಗಾಜು. ತಿರುಗಿಸಲು ಏನೂ ಇಲ್ಲ, ಮುಟ್ಟಿದರೆ ಸಾಕಂತೆ. ಎಲ್ಲಿ ಮುಟ್ಟಬೇಕೆಂದು ತಿಳಿಯಲು ಕಣ್ಣು ಬೇಕಲ್ಲ! ಒಗ್ಗರಣೆ ಸೌಟು ಇಟ್ಟರೆ ಇದು ಪಾತ್ರೆಯೇ ಅಲ್ಲವೆಂದು ಕಿರುಚಿ ಆಫ್ ಆಗುತ್ತದೆ. ಒದ್ದೆ ಬಟ್ಟೆ ತಾಗಿದರೂ ಕಿರುಚುತ್ತದೆ. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ಎಷ್ಟು ಸೇಫ್, ಎಷ್ಟು ಕ್ಲೀನ್ ಎಂದು ಹೊಗಳುತ್ತಿದ್ದಳು. ಕೇಳಿ ನನ್ನ ಮೈ ಉರಿಯುತ್ತಿತ್ತು. ಯಾರಿಗೆ ಸೇಫ್?

ಒಂದು ಸಂಜೆ ಮನೆಯೊಳಗೆ ಕರಟಿದ ವಾಸನೆ. ಇವರು ಮೇಜಿನ ಮುಂದೆ ಕೂತು ಬ್ರೆಡ್ಡು, ಚೀಸು ತಿನ್ನುತ್ತಿದ್ದರು.

"ಎಂತ ಆಯ್ತು?"

"ಎಂತ ಇಲ್ಲ ಮಾರಾಯ್ತಿ. ಇವತ್ತು ಬ್ರೆಡ್ ತಿನ್ನುವ ಅಂತ ಆಯ್ತು."

ಬಾಣಲೆಯಲ್ಲಿ ಸಾಸಿವೆ ಸುಟ್ಟು ಇದ್ದಿಲಾಗಿತ್ತು. ಅವರ ಬೆರಳ ತುದಿಗಳು ಕೆಂಪಾಗಿದ್ದವು. ಅನ್ನ ಸಾರು ಬಿಟ್ಟು ಬೇರೆ ರಾತ್ರಿಯೂಟ ಗೊತ್ತಿಲ್ಲದ ಮನುಷ್ಯ, ಆ ಒಣ ಬ್ರೆಡ್ಡನ್ನು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಅಗಿಯುತ್ತಿದ್ದರು.

ಮರುದಿನ ಹೌಸ್‌ಫೆರ್ವಾಲ್ಟುಂಗ್‌ಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯವನು ಸಮಾಧಾನವಾಗಿ ಹೇಳಿದ: ಒಲೆ ಹಾಕುವ ಮೊದಲು ಮನೆಮನೆಗೂ ಬಂದು ಕೇಳಿದ್ದೇವೆ. ದೃಷ್ಟಿ ತೊಂದರೆ ಇರುವವರಿಗೆ ನಾಬ್ ಇರುವ ಇಂಡಕ್ಷನ್ ಕೊಡುತ್ತೇವೆ. ನಿಮ್ಮ ಯಜಮಾನರೇ ಬೇಡ ಎಂದರು.

ನಾನು ಫೋನ್ ಇಟ್ಟು ಅಡುಗೆಮನೆಗೆ ನುಗ್ಗಿದೆ.

"ಅವ್ರು ಕೇಳ್ಲಿಕ್ಕೆ ಬಂದಾಗ ನೀವು ಎಂತ ಹೇಳಿದ್ರಿ?"

"ಅಡ್ಜಸ್ಟ್ ಮಾಡ್ತೇವೆ ಅಂದೆ. ಪಾಪ, ಅವ್ರಿಗೆ ಸುಮ್ನೆ ಯಾಕೆ ತೊಂದ್ರೆ?"

"ಕಣ್ಣು ಕಾಣುದಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮ್ಗೆ ಎಂತ ರೋಗ?"

"ಕಾಣ್ತದೆ. ಸ್ವಲ್ಪ ಮಂಜು, ಅಷ್ಟೇ."

ಅಡ್ಜಸ್ಟ್ ಅಂತೆ! ಬಂದವನನ್ನು ಕೂರಿಸಿ, ಕಾಫಿ ಕೊಟ್ಟು, ಊರಿನಿಂದ ಬಂದ ಚಕ್ಕುಲಿಯನ್ನೂ ಕೊಟ್ಟು, ನಮಗೇನೂ ಬೇಡ ಎಂದು ಕಳಿಸಿದ್ದಾರೆ. ಬೇಡ ಬೇಡ ಎನ್ನುವುದು ನಮ್ಮಲ್ಲಿ ಮರ್ಯಾದೆ; ಎದುರಿನವರು ಮತ್ತೆ ಒತ್ತಾಯ ಮಾಡಬೇಕು, ಆಮೇಲೆ ಆಗಲಿ ಎನ್ನಬೇಕು. ಇಲ್ಲಿ ಯಾರು ಒತ್ತಾಯ ಮಾಡುತ್ತಾರೆ? ಬೇಡ ಎಂದರೆ ಬೇಡ ಎಂದು ಬರೆದುಕೊಂಡು ಹೋಗುತ್ತಾರೆ. ಅರ್ಧ ಆಯುಷ್ಯ ಈ ದೇಶದಲ್ಲಿ ಕಳೆದು, ಇಲ್ಲಿನ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನಿಗೆ ಇಷ್ಟು ತಿಳಿಯಬಾರದೆ?

ನನ್ನ ಕಾಟ ತಡೆಯಲಾರದೆ ಹೌಸ್‌ಫೆರ್ವಾಲ್ಟುಂಗ್‌ನವನು ಮತ್ತೊಮ್ಮೆ ಬಂದ. ನಾನು ರಜೆ ಹಾಕಿ ಸೊಂಟ ಕಟ್ಟಿ ನಿಂತಿದ್ದೆ. ಬಾಯಿ ತೆರೆಯುತ್ತಿದ್ದಂತೆ ಅವನು ಕೈ ಎತ್ತಿ ತಡೆದ. ಅವರೇ ಹೇಳಲಿ ಎಂದ. ಇವರ ಕಡೆ ತಿರುಗಿ, ನಿಮಗೆ ಎಷ್ಟು ಕಾಣುತ್ತದೆ ಎಂದು ಕೇಳಿದ.

ಈಗಲೂ ಅಡ್ಜಸ್ಟ್ ಎಂದರೆ ಗ್ರಹಚಾರ ಬಿಡಿಸುತ್ತೇನೆ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಇವರು ಕ್ಲಾಸಿನಲ್ಲಿ ಹೇಳುವ ಹಾಗೆ ನಿಧಾನವಾಗಿ, ಜರ್ಮನ್‌ನಲ್ಲಿ ಹೇಳಿದರು: ಕಿಟಕಿ ಎಲ್ಲಿದೆಯೆಂದು ಬೆಳಕಿನಿಂದ ತಿಳಿಯುತ್ತದೆ. ಎದುರಿಗೆ ಯಾರೋ ಇದ್ದಾರೆಂದು ತಿಳಿಯುತ್ತದೆ. ಹೆಂಡತಿಯ ಮುಖ ಕಾಣದೆ ತುಂಬ ಕಾಲವಾಯಿತು.

ಅವನು ಬರೆದುಕೊಂಡ. ನಾಬ್ ಇರುವ ಒಲೆ ಕಳಿಸುತ್ತೇನೆ ಎಂದು ಹೇಳಿ ಹೋದ. ನಾನು ಬಾಗಿಲು ಹಾಕಿದೆ.

"ಗುರುತು ಪರಿಚಯ ಇಲ್ಲದವನ ಹತ್ರ ಹೇಳಿದ್ರಿ. ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನಿನ್ನ ಹತ್ರ ಹೇಳಿದ್ರೆ ನೀನು ಅಳ್ತಿ ಮಾರಾಯ್ತಿ," ಎಂದರು. "ಅದು ನನ್ಗೆ ಕೇಳ್ತದೆ."

ನಾನು ಸದ್ದಾಗದಂತೆ ಕಣ್ಣೊರೆಸಿಕೊಂಡು, ಬಾಯಿಗೆ ಬಂದ ಹಾಗೆ ಬೈದೆ.