ಸಾಲು ಮುಗಿಸಿ ಬಂದೆ

ಟೈಪಮ್ಮನ ಒಂಟಿ ಕೋಣೆಯ ಮನೆಯಲ್ಲಿ ಮಂಚ ಮಾತ್ರ ಎರಡು. ಒಂದರಲ್ಲಿ ಅವಳು ಮಲಗುತ್ತಿದ್ದಳು. ಇನ್ನೊಂದರ ಮೇಲೆ ಒಗೆದು ಮಡಿಚಿಟ್ಟ ಹಾಸು, ಹೊದಿಕೆ, ಅದರ ಮೇಲೊಂದು ಹೊಸ ದಿಂಬು. ದಿಂಬಿನ ಪ್ಲಾಸ್ಟಿಕ್ ಚೀಲವನ್ನು ಕೂಡ ಬಿಚ್ಚಿರಲಿಲ್ಲ. ತಂಗಿ ಬಂದು ತಾನೇ ಬಿಚ್ಚಲಿ ಅಂತ.

ಕೋರ್ಟಿನ ಎದುರು, ತಗಡಿನ ಸೂರಿನ ಕೆಳಗೆ ಮೂವತ್ತೈದು ವರ್ಷ ಟೈಪ್ ಮಾಡಿದ ಹೆಂಗಸು ಅವಳು. ಅವಳ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿ, ಈಗ ಹಾಲಿನವನಿಂದ ಹಿಡಿದು ವಕೀಲರ ತನಕ ಎಲ್ಲರಿಗೂ ಅವಳು ಟೈಪಮ್ಮನೇ. ಜಾಗದ ತಕರಾರು, ಗಂಡನ ಮೇಲಿನ ದೂರು, ಕೆಲಸದ ಅರ್ಜಿ, ಓಡಿಹೋದ ಮಗನಿಗೆ ಕಾಗದ, ಎಲ್ಲವೂ ಅವಳ ಹತ್ತು ಬೆರಳುಗಳ ನಡುವೆ ಹಾದು ಹೋಗಿದ್ದವು. ಒಂದು ಗುಟ್ಟೂ ಸೋರಿದ್ದಿಲ್ಲ. ಅವಳದೊಂದು ನೇಮವಿತ್ತು: ಹೇಳುವವರು ಹೇಳುವಾಗ ಅವರ ಮುಖ ನೋಡುತ್ತಿರಲಿಲ್ಲ. "ಮುಖ ನೋಡಿದ್ರೆ ಮನುಷ್ಯರ ಬಾಯಿ ಕಟ್ಟಿಹೋಗುತ್ತೆ" ಎನ್ನುತ್ತಿದ್ದಳು.

ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ. ತಂಗಿಯನ್ನು ದಡ ಮುಟ್ಟಿಸುವ ಹೊತ್ತಿಗೆ ಇವಳ ದೋಣಿ ಹೊರಟುಹೋಗಿತ್ತು. ಮದುವೆ ಆಗಲಿಲ್ಲ. ಸಂಜೆ ಮನೆಗೂ ಕೆಲಸ ತರುತ್ತಿದ್ದಳು. ತಂಗಿ ಎರಡು ತಟ್ಟೆ ಹಾಕಿಕೊಂಡು ಕೂತು ಕೂಗುವಳು:

"ಅಕ್ಕಾ, ಊಟಕ್ಕೆ ಬಾರೇ, ಆರಿಹೋಗ್ತಿದೆ!"

"ಸಾಲು ಮುಗಿಸಿ ಬಂದೆ ಪುಟ್ಟಿ!"

ಸಾಲಿನ ಕೊನೆಗೆ ಯಂತ್ರ ಟಿಣ್ ಎನ್ನುವ ತನಕ ಪುಟ್ಟಿ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಒಂದು ಟಿಣ್ ಅಲ್ಲ, ಎಷ್ಟೋ ಸಲ ಇಪ್ಪತ್ತು ಟಿಣ್ ಆಗುತ್ತಿತ್ತು. ಆದರೂ ಕಾಯುತ್ತಿತ್ತು ಆ ಮಗು.

ಆ ಪುಟ್ಟಿಗೆ ಈಗ ಅರವತ್ತೊಂದು. ಮದುವೆಯಾಗಿ ಹೋದದ್ದು ಒಂದೂವರೆ ದಿನದ ದಾರಿಯ ಊರಿಗೆ. ಗಂಡ ಹೋದ, ಮಕ್ಕಳಿಲ್ಲ, ಮೂರು ವರ್ಷದಿಂದ ಎರಡು ಕಿವಿಯೂ ಹೋಗಿವೆ. ಫೋನು ಮಾಡಿದರೆ ಗೋಡೆಗೆ ಮಾತಾಡಿದ ಹಾಗೆ. ಆದ್ದರಿಂದ ಅಕ್ಕ ತಂಗಿಯರ ನಡುವೆ ಉಳಿದದ್ದು ಮೊಬೈಲಿನಲ್ಲಿ ಬರೆಯುವ ಎರಡು ಅಕ್ಷರ ಮಾತ್ರ. ಅದಕ್ಕೂ ಕಲ್ಲು ಬಿತ್ತು. ಟೈಪಮ್ಮನ ಬೆರಳು ನಡುಗಲು ಶುರುವಾಯಿತು. ಟೈಪ್ ಯಂತ್ರದ ಕೀ, ಒತ್ತಿದರೆ ಮಾತ್ರ ಒತ್ತಿಕೊಳ್ಳುವ ಗಟ್ಟಿ ಜೀವ. ಮೊಬೈಲಿನ ಗಾಜು ಮುಟ್ಟಿದರೆ ಮುನಿ. ಬೆರಳು ಹತ್ತಿರ ಸುಳಿದರೂ ಸಾಕು, ಬೇಡದ್ದೊಂದು ಅಕ್ಷರ ಉದುರಿಸುತ್ತಿತ್ತು.

ಸೋಮವಾರ ತಂಗಿ ಒಂದು ಮಾತು ಕೇಳಿದ್ದಳು. ಅವಳಿದ್ದ ಬಾಡಿಗೆ ಮನೆಯನ್ನು ಶನಿವಾರದೊಳಗೆ ಬಿಡಬೇಕಿತ್ತು. ಮೈದುನನ ಮಗಳು ತನ್ನ ಮನೆಗೆ ಕರೆಯುತ್ತಿದ್ದಳು. ಕರೆಯುವುದೇನು, ಕೂಸು ಆಡಿಸಲು ಸಂಬಳವಿಲ್ಲದ ಆಳು ಬೇಕಿತ್ತು ಅವಳಿಗೆ. ಪುಟ್ಟಿ ಬರೆದಿದ್ದಳು: "ಅಕ್ಕ, ನಾನು ಬಂದು ನಿನ್ನ ಜೊತೇಲೇ ಇರಲಾ?" ಹುಟ್ಟಿದ ಮೇಲೆ ಪುಟ್ಟಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಎಷ್ಟು ದಿನ ಹಿಂದೆ ಮುಂದೆ ನೋಡಿ ಕೇಳಿದ್ದಳೋ.

ಟೈಪಮ್ಮನಿಗೆ ಕುಣಿಯುವಷ್ಟು ಖುಷಿ. ಆತುರದಲ್ಲಿ "ಬರ" ಎಂದು ಒತ್ತುವಷ್ಟರಲ್ಲಿ ಫೋನು ತಾನೇ ಜಾಣತನ ತೋರಿಸಿ ಎರಡು ಪದ ಅಕ್ಕಪಕ್ಕ ಇಟ್ಟಿತು: ಬರಬೇಕು, ಬರಬೇಡ. ಇವಳು ಒಂದನ್ನು ಮುಟ್ಟಿ ಕಳಿಸಿ, ಅಂಗಡಿಗೆ ಓಡಿ ದಿಂಬು ತಂದಳು. ಮಂಗಳವಾರ ತಂಗಿಯಿಂದ ಉತ್ತರವಿಲ್ಲ. ಬುಧವಾರವೂ ಇಲ್ಲ. ಗುರುವಾರ ಬೆಳಿಗ್ಗೆ ಭೂತಗನ್ನಡಿ ಹಿಡಿದು ತಾನು ಕಳಿಸಿದ್ದನ್ನು ನೋಡಿದಳು.

"ಬರಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಕೈಲಿದ್ದ ಭೂತಗನ್ನಡಿಯನ್ನು ಹಾಗೇ ಹಿಡಿದುಕೊಂಡು ಎಷ್ಟೋ ಹೊತ್ತು ಹೊಸ ದಿಂಬನ್ನು ನೋಡುತ್ತ ಕೂತಳು.

ಕಾಗದ ಹಾಕಿದರೆ ಮುಟ್ಟಲು ವಾರ ಬೇಕು. ತಾನೇ ಹೋಗೋಣವೆಂದರೆ ಮಂಡಿ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿ ನೋಡಿದಳು. ಕಟ್ಟಿಸಿದ ಹಲ್ಲಿನ ಮಾತು ಅದಕ್ಕೆ ಹಿಡಿಸಲಿಲ್ಲ. "ಪುಟ್ಟಿ" ಎಂದರೆ "ಬುಟ್ಟಿ" ಎಂದು ಬರೆಯಿತು. ಪಕ್ಕದ ಮನೆಯ ಹುಡುಗಿಯ ಕೈಲಿ ಬರೆಸಬಹುದಿತ್ತು. ಆದರೆ ಬರೆದುಕೊಡುವವರಿಗೆ ಎಷ್ಟೆಲ್ಲ ತಿಳಿದುಹೋಗುತ್ತದೆ ಅನ್ನುವುದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂಗಿಯ ನೋವನ್ನು ಇನ್ನೊಬ್ಬರ ಬೆರಳಿಗೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಮಂಚದ ಕೆಳಗೆ ಕೈಹಾಕಿ ಹಳೆಯ ಕೀಬೋರ್ಡ್ ಎಳೆದಳು. ಟೈಪ್ ಯಂತ್ರದ ಕಾಲ ಮುಗಿದ ಮೇಲೆ ಕೊನೆಯ ನಾಲ್ಕು ವರ್ಷ ವಕೀಲರೊಬ್ಬರ ಕಂಪ್ಯೂಟರಿನಲ್ಲಿ ಕುಟ್ಟಿದ್ದು ಅದೇ. ಕೆಲಸ ಬಿಡುವಾಗ ನೆನಪಿಗಿರಲಿ ಎಂದು ಕೊಟ್ಟಿದ್ದರು. ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕೂಸಿನಂತೆ ಕಂಕುಳಲ್ಲಿ ಇಟ್ಟುಕೊಂಡು ರೇಡಿಯೋ ಹತ್ತಿರ ನಡೆದಳು.

ರೇಡಿಯೋ ಅಂದರೆ ಮೊಬೈಲ್ ರಿಪೇರಿಯವನು. ಮೆಟ್ಟಿಲಿನ ಕೆಳಗಿನ ಗೂಡಂಗಡಿ, ಐವತ್ತರ ಹತ್ತಿರದ ವಯಸ್ಸು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆ ಹೆಸರು ಉಳಿಯಿತು. ಆನ್ ಆದರೆ ಆಫ್ ಆಗುವುದಿಲ್ಲ, ಅದಕ್ಕೂ ಆ ಹೆಸರು ಒಪ್ಪಿತು.

"ಏನು ಟೈಪಮ್ಮ, ಮೊಮ್ಮಗು ಕರ್ಕೊಂಡು ಬಂದಿದ್ದೀರಾ?"

"ಇದನ್ನ ಈ ಫೋನಿಗೆ ಕೂಡಿಸಿಕೊಡಪ್ಪ. ನಂಗೆ ಕುಟ್ಟಬೇಕು."

"ಯಾರನ್ನ?"

"ನಿನ್ನನ್ನೇ ಶುರು ಮಾಡ್ಲಾ?"

ಅವನು ನಕ್ಕು ಕೀಬೋರ್ಡಿನ ವೈರಿನ ತುದಿಯನ್ನೂ ಫೋನಿನ ತೂತನ್ನೂ ಅಕ್ಕಪಕ್ಕ ಹಿಡಿದ. ಅದು ಅಗಲ ಬಾಯಿ, ಇದು ಇರುವೆ ಬಾಯಿ. ಡಬ್ಬಿ ತಡಕಿ, ಉಗುರಿನಷ್ಟು ದೊಡ್ಡದೊಂದು ಕೊಂಡಿ ತೆಗೆದ. ಒಂದು ಕಡೆ ಕೀಬೋರ್ಡ್ ಸಿಕ್ಕಿಸಿದ, ಇನ್ನೊಂದು ಕಡೆಯನ್ನು ಫೋನಿಗೆ ಚುಚ್ಚಿದ. ಏನೂ ಆಗಲಿಲ್ಲ.

ಟೈಪಮ್ಮನ ಮುಖ ಸಣ್ಣಗಾಯಿತು. "ಹಳೇದಾಯ್ತು ಅಲ್ವಾ."

"ಹಳೇದಲ್ಲ ಅಮ್ಮ, ಹೊಸಬರ ಪರಿಚಯ ಆಗ್ಬೇಕಲ್ಲ. ಈ ಫೋನು ಹುಟ್ಟಿದಾಗಿಂದ ಇನ್ನೊಬ್ಬರಿಂದ ಕರೆಂಟ್ ಇಸ್ಕೊಂಡೇ ಬದುಕಿದೆ. ಈಗ ಇದೇ ಕೀಬೋರ್ಡಿಗೆ ಕೊಡಬೇಕು. ಕೊಡು ಅಂತ ಒಂದು ಸ್ವಿಚ್ ಹಾಕಿ ಹೇಳ್ಬೇಕು." ಫೋನಿನ ಒಳಗೆ ಎಲ್ಲೆಲ್ಲೋ ಹೋಗಿ ಏನೋ ಒತ್ತಿದ. ಕೀಬೋರ್ಡಿನ ಮೂಲೆಯಲ್ಲಿ ಹಸಿರು ದೀಪ ಹತ್ತಿತು. "ನೋಡಿ! ಆದ್ರೆ ಇದಕ್ಕೊಂದು ಚಾಳಿ ಇದೆ. ಹತ್ತು ನಿಮಿಷ ನೀವು ಏನೂ ಒತ್ತದೆ ಕೂತ್ರೆ ತಾನೇ ಆರಿಹೋಗುತ್ತೆ. ಆಮೇಲೆ ಮತ್ತೆ ಸ್ವಿಚ್ ಹಾಕ್ಬೇಕು."

"ನಾನು ಯಾವತ್ತು ಕೈ ಕಟ್ಟಿ ಕೂತಿದ್ದೆ ಹೇಳು."

ಫೋನಿಗೆ ಸಿಕ್ಕಿಸಿದ ಮೇಲೆ ಅಕ್ಷರಗಳ ಜಾಗ ಮಾತ್ರ ಅವಳ ಹಳೆಯ ಯಂತ್ರದ ಹಾಗೂ ಇರಲಿಲ್ಲ, ವಕೀಲರ ಕಂಪ್ಯೂಟರಿನ ಹಾಗೂ ಇರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಬೆರಳು ಒಂದು ಕಡೆ ಹೋದರೆ ಅಕ್ಷರ ಇನ್ನೊಂದು ಕಡೆ. ರೇಡಿಯೋ ಬಿಳಿ ಟೇಪಿನ ಚೂರುಗಳ ಮೇಲೆ ಅಕ್ಷರ ಬರೆದು ಒಂದೊಂದು ಕೀಗೂ ಅಂಟಿಸಿದ. ಒತ್ತಕ್ಷರಕ್ಕೆ ನಡುವೆ ಯಾವ ಕೀ ಒತ್ತಬೇಕೆಂದು ಮೂರು ಸಲ ತೋರಿಸಿದ.

ಮನೆಗೆ ಬಂದು ಅವಳು ಕೆಲಸದ ಕ್ರಮವನ್ನು ತಪ್ಪಿಸಲಿಲ್ಲ. ಕೊಂಡಿ ಕಳಚದೆ, ದೀಪ ಆರದ ಹಾಗೆ ನಡುನಡುವೆ ಸ್ಪೇಸ್ ಕೀ ತಟ್ಟುತ್ತ, ಮೊದಲು ಹಾಳೆಯಲ್ಲಿ ಕರಡು ಬರೆದಳು. ನಡುಗುವ ಕೈ, ಅಂಗೈಯಗಲದ ಅಕ್ಷರ, ಸಾಲಿಗೆ ಎರಡು ಮೂರು ಪದ. ಹಾಳೆಯನ್ನು ಎಡಗಡೆ ಲೋಟಕ್ಕೆ ಒರಗಿಸಿದಳು. ಕಣ್ಣು ಹಾಳೆಯ ಮೇಲೆ, ಆಮೇಲೆ ಕೀಗಳ ಮೇಲೆ, ಮತ್ತೆ ಹಾಳೆಯ ಮೇಲೆ. ಫೋನಿನತ್ತ ನೋಡಲಿಲ್ಲ; ಅಕ್ಷರ ಮೂಡುವುದನ್ನು ನೋಡುತ್ತ ಕುಟ್ಟುವವರು ಇನ್ನೂ ಕಲಿಯುವವರು ಅನ್ನುವುದು ಅವಳ ಕಾಲದ ಮಾತು. ಕೀ ಒತ್ತಿದಾಗ ಟಕ್ ಎಂದು ಬೆರಳಿಗೆ ತಾಗಿದ್ದೇ, ನಡುಕ ಎಲ್ಲಿ ಹೋಯಿತೋ! ಒಂದು ಸಾಲು ಮುಗಿಯಿತು. ಬಲಗೈ ಕಿರುಬೆರಳು ತಾನಾಗಿ ಹೋಗಿ, ಸಾಲು ತಿರುಗಿಸುವ ಎಂಟರ್ ಕೀಯನ್ನು ಒತ್ತಿತು. ಎರಡನೆಯ ಸಾಲು, ಎಂಟರ್. ಮೂರನೆಯದು, ಎಂಟರ್. ಟಿಣ್ ಎನ್ನುವ ಸದ್ದೊಂದು ಇರಲಿಲ್ಲ, ಅಷ್ಟೇ.

ಕನ್ನಡಕ ಒರೆಸಿಕೊಳ್ಳಲೆಂದು ತಲೆ ಎತ್ತಿದಾಗ ಫೋನಿನಲ್ಲಿ ಕಂಡದ್ದು ಕಾಗದವಲ್ಲ. ಮೂರು ತುಂಡುಗಳು, ಮೂರೂ ತಂಗಿಗೆ ಹೋಗಿಬಿಟ್ಟಿದ್ದವು.

"ಪುಟ್ಟಿ,"

"ಸೋಮವಾರ ನಿನಗೆ ಬರಬೇಡ"

"ಅಂತ ಬರೆದದ್ದು ನಾನೇ."

ಆ ಕೀ ಇಲ್ಲಿ ಸಾಲು ತಿರುಗಿಸುವುದಿಲ್ಲ, ಕಳಿಸುತ್ತದೆ. ಅದು ಅವಳಿಗೆ ಹೇಗೆ ಗೊತ್ತಿರಬೇಕು? "ಮನಸ್ಸಲ್ಲ, ಬೆರಳು ತಪ್ಪಿತು" ಅನ್ನುವ ನಾಲ್ಕನೆಯ ಸಾಲು ಹಾಳೆಯಲ್ಲೇ ಲೋಟಕ್ಕೆ ಒರಗಿಕೊಂಡು ನಿಂತಿತ್ತು. ನೋಡುನೋಡುತ್ತ ಮೂರು ತುಂಡುಗಳ ಪಕ್ಕದ ಟಿಕ್ ಗುರುತುಗಳೂ ನೀಲಿಯಾದವು. ಪುಟ್ಟಿ ಓದಿದ್ದಳು.

ಟೈಪಮ್ಮ ಕೀಗಳಿಂದ ಬೆರಳು ಎತ್ತಿದಳು. ಕುಟ್ಟಬೇಕು, ಬೇಗ ಕುಟ್ಟಬೇಕು ಎಂದು ಗೊತ್ತು. ಆದರೆ ಇನ್ನೊಂದು ತಪ್ಪಾದರೆ? ಅಲ್ಲಿ ಕಿವಿಯಿಲ್ಲದ ಹೆಂಗಸು ಅರ್ಧ ಕಟ್ಟಿದ ಗಂಟುಮೂಟೆ ನಡುವೆ ಕೂತು ಇದನ್ನು ಓದುತ್ತಿರಬಹುದು ಎಂದು ನೆನೆದು ನೆನೆದು ಕಲ್ಲಾದಳು. ಕೊನೆಗೆ ಧೈರ್ಯ ಮಾಡಿ ಕೀ ಒತ್ತಿದರೆ ಅಕ್ಷರ ಮೂಡಲಿಲ್ಲ. ಹಸಿರು ದೀಪ ಆರಿತ್ತು. ಹತ್ತು ನಿಮಿಷ ಕಳೆದಿತ್ತು.

ಸ್ವಿಚ್ಚು ಹುಡುಕಲು ಗಾಜು ಮುಟ್ಟಿದಳು. ಗಾಜು ಅವಳನ್ನು ಅಲಾರಾಂಗೆ ಕರೆದೊಯ್ದಿತು, ಟಾರ್ಚಿಗೆ ಕರೆದೊಯ್ದಿತು. ಎಲ್ಲವನ್ನೂ ಬಾಚಿ ಸೀರೆ ತುಂಡಿನಲ್ಲಿ ಕಟ್ಟಿಕೊಂಡು ಬೀದಿಗಿಳಿದಳು. ಟಾರ್ಚ್ ಹಗಲಲ್ಲೇ ಉರಿಯುತ್ತಿತ್ತು.

ರೇಡಿಯೋ ಊಟಕ್ಕೆ ಬಾಗಿಲು ಎಳೆದುಕೊಂಡು ಹೋಗಿದ್ದ. ಅವಳು ಮೆಟ್ಟಿಲ ಮೇಲೆ ಕೂತಳು. ಹತ್ತುವವರು ಇಳಿಯುವವರು ಕಾಲು ಓರೆ ಮಾಡಿಕೊಂಡು ದಾಟಿದರು. ಏನಮ್ಮ ಅಂತ ಯಾರೂ ಕೇಳಲಿಲ್ಲ. ಊರಿನ ಅರ್ಧ ಜನರ ಕಷ್ಟ ಕೇಳಿದವಳು, ತನ್ನದನ್ನು ಮಡಿಲಲ್ಲಿ ಇಟ್ಟುಕೊಂಡು ಮುಕ್ಕಾಲು ಗಂಟೆ ಕಾದಳು.

ರೇಡಿಯೋ ಬಂದವನೇ ಅವಳ ಮುಖ ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. ಬಾಗಿಲು ಎತ್ತಿ, ಮೇಜಿನ ಮೇಲಿನ ಬಿಚ್ಚಿದ ಫೋನುಗಳನ್ನು ಬದಿಗೆ ಸರಿಸಿ, ಸ್ಟೂಲ್ ಹಾಕಿದ. ಕೊಂಡಿ ಚುಚ್ಚಿ ಸ್ವಿಚ್ ಹಾಕಿದ.

"ಇಲ್ಲೇ ಕುಟ್ಟಿಬಿಡಿ. ಆರಿದ್ರೆ ನಾನಿದ್ದೀನಿ."

ಅವಳು ಮಡಿಚಿದ ಹಾಳೆಯನ್ನು ಬಿಡಿಸಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಅವನತ್ತ ನೋಡಿದಳು.

"ಓಹೋ," ಎಂದ ಅವನು. ಎದ್ದು ಹೋಗಿ, ಅವಳಿಗೆ ಬೆನ್ನು ಹಾಕಿ ಬೀದಿ ನೋಡುತ್ತ ನಿಂತ. ಅಲ್ಲಿಂದಲೇ ಹೇಳಿದ: "ನನ್ನ ಹೆಂಡ್ತಿ ಬಿಟ್ಟು ಹೋದಾಗ ವಾಪಸ್ ಬಾ ಅಂತ ಕಾಗದ ಬರೆಸೋಕೆ ನಿಮ್ಮ ಹತ್ರ ಬಂದಿದ್ದೆ. ಅಳ್ತಾ ಇದ್ದೆ. ನೀವು ತಲೇನೇ ಎತ್ತಲಿಲ್ಲ. ನೆನಪಿದೆಯಾ?"

"ಎರಡು ಪುಟ ಆಗಿತ್ತು" ಎಂದಳು ಟೈಪಮ್ಮ. "ಬಂದಳಾ ಅಂತ ನಾನು ಕೇಳಲಿಲ್ಲ."

"ಕೇಳಲಿಲ್ಲ. ಅವಳು ಬರಲೂ ಇಲ್ಲ. ಕುಟ್ಟಿ ನೀವು."

ಅವಳು ಕುಟ್ಟಿದಳು. ಎಂಟರ್ ಹತ್ತಿರ ಕಿರುಬೆರಳು ಹೋದಾಗಲೆಲ್ಲ ಎಡಗೈಯಿಂದ ಆ ಬೆರಳಿಗೊಂದು ಏಟು ಕೊಟ್ಟಳು. ಬೆರಳು ತಪ್ಪಿದ್ದು, ದಿಂಬು ತಂದದ್ದು, ಮಂಚ ಕಿಟಕಿಯ ಪಕ್ಕಕ್ಕೆ ಹಾಕಿದ್ದು, ಎಲ್ಲವೂ ಒಂದೇ ಉಸಿರಿನಲ್ಲಿ ಒಂದೇ ಸಾಲಾಯಿತು. ಕೊನೆಗೆ "ಬರಬೇಕು" ಎಂದು ಮೂರು ಸಲ ಕುಟ್ಟಿ, ಒಂದೊಂದು ಅಕ್ಷರವನ್ನೂ ಭೂತಗನ್ನಡಿಯಲ್ಲಿ ನೋಡಿ, ಕಿರುಬೆರಳಿಗೆ ಅಪ್ಪಣೆ ಕೊಟ್ಟಳು.

ಉತ್ತರ ಬಂತು. ತುಂಡು ತುಂಡಾಗಿ ಬಂತು.

"ಅಕ್ಕ, ಸಾಲು ಸಾಲಾಗಿ ಬಂದಾಗ್ಲೇ ಗೊತ್ತಾಯ್ತು, ನೀನು ಟೈಪ್ ಮಾಡ್ತಿದ್ದೀಯ ಅಂತ."

"ಸಾಲು ಮುಗಿಸಿ ಬರ್ತೀಯ ಅಂತ ಕಾಯ್ತಾ ಕೂತಿದ್ದೆ. ಇನ್ನೂ ಊಟ ಮಾಡಿಲ್ಲ."

ಟೈಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಮೂರನೆಯದು ಬಂತು.

"ಆದ್ರೆ ನಿನ್ನೆನೇ ಮನೆ ಬೀಗದ ಕೈ ಕೊಟ್ಟು ಮೈದುನನ ಮಗಳ ಮನೆಗೆ ಬಂದ್ಬಿಟ್ಟೆ ಅಕ್ಕ. ನಾಡಿದ್ದಿಂದ ಇವಳು ಕೆಲಸಕ್ಕೆ ಹೋಗ್ತಾಳೆ, ಕೂಸು ನನ್ನ ಕೈಲಿದೆ. ಮಾತು ಕೊಟ್ಟಿದ್ದೀನಿ. ಅದಕ್ಕೊಂದು ವರ್ಷ ತುಂಬಲಿ. ಆಮೇಲೆ ನೋಡೋಣ."

"ಏನಂತೆ?" ಎಂದ ರೇಡಿಯೋ, ತಿರುಗಿ ನೋಡದೆ.

"ನೋಡೋಣ ಅಂತೆ."

ನೋಡೋಣ ಎನ್ನುವ ಪದವನ್ನು ಮೂವತ್ತೈದು ವರ್ಷದಲ್ಲಿ ಅವಳು ಎಷ್ಟು ಸಲ ಕುಟ್ಟಿದ್ದಳೋ ಲೆಕ್ಕವಿಲ್ಲ. ಇಲ್ಲ ಅನ್ನಲಾರದವರು ಹೇಳಿ ಬರೆಸುತ್ತಿದ್ದ ಪದ ಅದು. ನಿಜವಾಗಿಯೂ ನೋಡುವವರು ಒಬ್ಬಿಬ್ಬರು ಅದನ್ನು ಬರೆಸಿದ್ದೂ ಉಂಟು. ಕೀಗೆ ಅದರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಆಮೇಲೆ ದಿನಾ ನಾಲ್ಕು ಗಂಟೆಗೆ, ಅಲ್ಲಿ ಕೂಸು ಮಲಗುವ ಹೊತ್ತಿಗೆ, ಟೈಪಮ್ಮ ಕೊಂಡಿ ಚುಚ್ಚುತ್ತಿದ್ದಳು. ಸ್ವಿಚ್ಚಿನ ದಾರಿಯನ್ನು ರೇಡಿಯೋ ಫೋನಿನ ಮುಂದಕ್ಕೇ ತಂದು, ಅವಳ ಹೆಬ್ಬೆರಳಿಗೆ ಸಾಲುವಷ್ಟು ದೊಡ್ಡದು ಮಾಡಿಕೊಟ್ಟಿದ್ದ. ಕಾಗದ ಬರೆಯುತ್ತಿರಲಿಲ್ಲ ಅವಳು. ಈಗ ಬೇಕೆಂದೇ ಒಂದೊಂದು ಸಾಲು, ಒಂದೊಂದು ಎಂಟರ್. ಇವತ್ತು ಗಾಳಿ ಜಾಸ್ತಿ. ಮಂಡಿಗೆ ಎಣ್ಣೆ ಹಚ್ಚಿದೆ. ನಿನ್ನ ಮಂಚದ ಮೇಲೆ ಈ ಹೊತ್ತಿನಲ್ಲಿ ಬಿಸಿಲು ಬರುತ್ತೆ.

ಕೆಲವು ದಿನ ಅಲ್ಲಿಂದ ಎರಡು ಸಾಲು ಬರುತ್ತಿತ್ತು. ಕೆಲವು ದಿನ ಕೂಸು ಬೇಗ ಎದ್ದುಬಿಡುತ್ತಿತ್ತು. ಆವತ್ತು ಅವಳು ಕೀಗಳ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ಹಸಿರು ದೀಪ ನೋಡುತ್ತ ಕೂರುವಳು. ಹತ್ತು ನಿಮಿಷಕ್ಕೆ ಅದು ಆರುತ್ತಿತ್ತು. ಆಗ ಎದ್ದು, ಪಕ್ಕದ ಮಂಚದ ದಿಂಬಿನ ಚೀಲದ ಮೇಲಿನ ಧೂಳು ಒರೆಸಿ, ಅಲ್ಲಿಯ ತನಕ ಮುಟ್ಟದಿದ್ದ ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕಿಕೊಳ್ಳುವಳು.