ಮಾಸ್ತರರ ಪರೀಕ್ಷೆ

ನಾನು ಮದುವೆಯಾಗಿ ಶಿಗ್ಗಾಂವಿಗೆ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಸಾಲಿ ಮಾಸ್ತರರಿದ್ದರು. ವರ್ಷಗಟ್ಟಲೆ ಒಂದೇ ಕಾದಂಬರಿ ಬರೆಯುತ್ತಿದ್ದರು. ಹೊಗಳುವವರನ್ನು ಅವರು ನಂಬುತ್ತಿರಲಿಲ್ಲ. ಯಾರಿಗಾದರೂ ಓದಲು ಕೊಡುವ ಮುಂಚೆ ಎರಡು ಅಧ್ಯಾಯಗಳನ್ನು ಅದಲುಬದಲು ಮಾಡಿ ದಾರ ಕಟ್ಟುತ್ತಿದ್ದರು. ಹಾಗಾಗಿ ಕಥಾನಾಯಕ ಮೊದಲು ಸಾಯುತ್ತಿದ್ದ, ಆಮೇಲೆ ಮದುವೆಯಾಗುತ್ತಿದ್ದ. ಓದಿದವರು "ಭಾಳ ಚಲೋ ಐತ್ರಿ" ಎಂದು ತಂದುಕೊಟ್ಟರೆ, ಅವರು ಓಣಿ ದಾಟುವುದನ್ನೇ ಕಾಯ್ದು, ಮಾಸ್ತರರು "ಇಂವಾ ಓದಿಲ್ಲ" ಎನ್ನುತ್ತಿದ್ದರು.

ಅವರ ಹೆಂಡತಿ ನನ್ನ ಜೊತೆ ಶೇಂಗಾ ಸುಲಿಯುತ್ತ ಗೊಣಗುತ್ತಿದ್ದಳು: "ನಮ್ಮನಿಯವರು ಬಸರಾಗಿ ಕುಂತಾರವಾ, ಹಡ್ಯಾಕ ಮಾತ್ರ ಒಲ್ರು."

ಅವಳ ಕಾಟಕ್ಕೆ ಕೊನೆಗೆ ಮಾಸ್ತರರು ಕಾದಂಬರಿಯನ್ನು ಧಾರವಾಡದ ಒಬ್ಬ ಪ್ರಕಾಶಕರಿಗೆ ಕಳಿಸಿದರು. ಉತ್ತರ ಬಂತು: ಕಾದಂಬರಿ ಅಚ್ಚುಕಟ್ಟಾಗಿದೆ, ಇದ್ದ ಹಾಗೇ ಅಚ್ಚು ಹಾಕುತ್ತೇವೆ. ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ಮಾಸ್ತರರು ಕೋಟು ತೊಟ್ಟು ಬಸ್ಸಿಗೆ ಹೊರಟರು.

"ಎಲ್ಲಿಗ್ರಿ?" ಎಂದೆ.

"ತಿರುಗಿ ತರಾಕ. ಅಂವಾನೂ ಓದಿಲ್ಲ."

"ಅವರಿಗೂ ಅದಲುಬದಲು ಮಾಡೇ ಕಳಿಸಿದ್ರೇನ್ರಿ?"

"ಮತ್ತ? ಅಂವನ್ನ ಹೆಂಗ ನಂಬೂದವಾ?"

ಸಂಜೆಗೆ ಕಾಗದದ ಗಂಟನ್ನು ಬಗಲಲ್ಲಿಟ್ಟುಕೊಂಡು ಬಂದರು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನೀವು ಒಳಗ ಬರ್ರಿ. ಅದು ಬ್ಯಾಡ."

ಮಾಸ್ತರರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆಯೇ ಕೂತರು. ಊಟವನ್ನೂ ಅಲ್ಲೇ ಮಾಡಿದರು.